ಬದಲಿಯ ಧರ್ಮ

ನಮ್ಮ ಮನೆಗಳಲ್ಲಿ ನಡೆಯುವ ಪೂಜೆಯಲ್ಲಿ ಒಂದು ಸೌಕರ್ಯವುಂಟು. ಪುರೋಹಿತರು ಉಪಚಾರಗಳನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾರೆ: ವಸ್ತ್ರ, ಆಭರಣ, ಛತ್ರ, ಚಾಮರ. ಮನೆಯಲ್ಲಿ ಛತ್ರವೂ ಇಲ್ಲ, ಚಾಮರವೂ ಇಲ್ಲ. ಆಭರಣವಿದ್ದರೆ ಅದು ಬ್ಯಾಂಕಿನಲ್ಲಿದೆ. ಯಜಮಾನನು ನಾಲ್ಕು ಕಾಳು ಅಕ್ಷತೆಯನ್ನು ಹಾಕುತ್ತಾನೆ. ಪೂಜೆ ಮುಂದಕ್ಕೆ ಸಾಗುತ್ತದೆ. ಪಕ್ಕದಲ್ಲಿ ಕುಳಿತ ಚುರುಕು ಹುಡುಗರಿಗೆ ಇದು ದೇವರ ಕಣ್ಣಿಗೆ ಮಣ್ಣೆರಚುವ ಉಪಾಯವೆಂದು ತೋರುವುದು ಸಹಜ. ಆದರೆ ಇಲ್ಲದ ವಸ್ತುವಿನ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು ಯಾವಾಗ ಸರಿ, ಯಾವಾಗ ತಪ್ಪು, ಇಟ್ಟ ಮೇಲೆ ಅದಕ್ಕೆ ಬರುವ ಅಧಿಕಾರವೆಷ್ಟು, ಹೊಣೆಯೆಷ್ಟು ಎಂಬುದು ನಕ್ಕು ಬಿಡುವ ಪ್ರಶ್ನೆಯಲ್ಲ.

ಮೀಮಾಂಸಾಶಾಸ್ತ್ರದಲ್ಲಿ ಇಂತಹ ಬದಲಿಗೆ ‘ಪ್ರತಿನಿಧಿ’ ಎಂದು ಹೆಸರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದರ ಚರ್ಚೆ ವಿಸ್ತಾರವಾಗಿ ಬರುತ್ತದೆ. ಯಜ್ಞಕ್ಕೆ ಬತ್ತ ಬೇಕೆಂದು ವಿಧಿಯಿದೆ, ಬತ್ತ ಸಿಗಲಿಲ್ಲ; ಆಗ ನೀವಾರವೆಂಬ ಕಾಡುಬತ್ತವನ್ನು ಬಳಸಬಹುದು. ಸೋಮಲತೆ ಸಿಗದಿದ್ದರೆ ಪೂತೀಕ. ಆ ಪೂತೀಕವೂ ಸಿಗದೆ ಹೋದರೆ? ಆಗ ಪೂತೀಕವನ್ನು ಹೋಲುವುದನ್ನಲ್ಲ, ಸೋಮವನ್ನೇ ಹೋಲುವುದನ್ನು ಹುಡುಕಬೇಕು ಎಂದು ಅವರ ತೀರ್ಮಾನ. ಬದಲಿಗೆ ಬದಲಿಯನ್ನು ಹುಡುಕುತ್ತ ಹೋದರೆ ನಾಲ್ಕು ಹೆಜ್ಜೆಯಲ್ಲಿ ಮೂಲದ ಮುಖವೇ ಮರೆತುಹೋಗುತ್ತದೆಯಷ್ಟೆ. ಮೇಲಾಗಿ, ದ್ರವ್ಯಕ್ಕೆ ಪ್ರತಿನಿಧಿಯುಂಟು. ದೇವತೆಗೆ ಇಲ್ಲ, ಅಗ್ನಿಗೆ ಇಲ್ಲ, ಮಂತ್ರಕ್ಕೆ ಇಲ್ಲ, ಕರ್ಮಕ್ಕೆ ಇಲ್ಲ. ಯಜ್ಞದ ಒಡೆಯನಾದ ಯಜಮಾನನಿಗೂ ಇಲ್ಲ. ಈ ಕೊನೆಯದಕ್ಕೆ ಒಂದೇ ಒಂದು ಅಪವಾದವನ್ನು ಅವರು ಒಪ್ಪುತ್ತಾರೆ. ಅದರ ಮಾತು ಮುಂದೆ ಬರುತ್ತದೆ.

ಇಷ್ಟು ಹಳೆಯ ವಿಚಾರವನ್ನು ಈ ವರ್ಷ ನನಗೆ ಮತ್ತೆ ಓದಿಸಿದ್ದು ಒಂದು ಆಟದ ಯಂತ್ರ ಎಂದರೆ ವಾಚಕರು ನಗಬಹುದು. ನಗಲಿ. ಆಟವನ್ನು ಕೀಳೆಂದು ತಿಳಿಯುವವರಿಗೆ ಪುತ್ತೂರಿನಲ್ಲಿ ಉತ್ತರ ಸುಲಭ: ಮಕ್ಕಳ ಕಲಿಕೆಗೂ ಆಟಕ್ಕೂ ನಡುವೆ ಗೋಡೆಯಿರಬಾರದೆಂದು ನಂಬಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿದ್ದು ಇಲ್ಲಿಯ ಪರ್ಲಡ್ಕದಲ್ಲಿಯೇ.

ನಮ್ಮ ನೆರೆಮನೆಯ ಹುಡುಗನೊಬ್ಬ ಸುಳ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ತಾಯಿಯ ತವರು ಕಡಬದ ಆಚೆ. ಪುತ್ತೂರು ಸುಳ್ಯಗಳಿಂದ ಬೇರೆಯಾಗಿ ಈಚಿನ ವರ್ಷಗಳಲ್ಲಿ ತನ್ನದೇ ತಾಲೂಕಾದ ಕಡಬದ ಸೀಮೆಯಲ್ಲಿ ಅವರದೊಂದು ಅಡಿಕೆ ತೋಟ. ಹುಡುಗನ ಸೋದರಮಾವ ಆ ತೋಟವನ್ನು ಬಿಟ್ಟು ನಮ್ಮ ಕಡೆಯ ಅನೇಕರಂತೆ ಗಲ್ಫಿಗೆ ಹೋದವರು. ಅಲ್ಲಿ ಅವರು ಕೊಂಡದ್ದು ಸೋನಿ ಕಂಪೆನಿಯ ಪ್ಲೇಸ್ಟೇಷನ್ ಎಂಬ ಯಂತ್ರ. ಅದು ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1994ರ ಡಿಸೆಂಬರಿನಲ್ಲಿ. 2006ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ಜಗತ್ತಿನ ಮನೆಗಳನ್ನು ಸೇರಿತ್ತು. ಆಟಗಳು ಸಿ.ಡಿ.ಯಲ್ಲಿ ಬರುತ್ತಿದ್ದವು. ಸಿ.ಡಿ.ಯನ್ನು ಆ ಯಂತ್ರ ಓದಬಲ್ಲುದೇ ಹೊರತು ಅದರ ಮೇಲೆ ಏನನ್ನೂ ಬರೆಯಲಾರದು. ಆದುದರಿಂದ ಆಡುವವನು ಎಲ್ಲಿಗೆ ಬಂದು ನಿಲ್ಲಿಸಿದ ಎಂಬುದನ್ನು ಬರೆದಿಡಲು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಮೆಮರಿ ಕಾರ್ಡು. ಅದರಲ್ಲಿ ಹಿಡಿಯುವುದು 128 ಕಿಲೋಬೈಟು. ಇಂದು ಒಂದು ಮದುವೆಯ ಫೋಟೋ ಕೂಡ ಅಷ್ಟರಲ್ಲಿ ಹಿಡಿಯಲಾರದು. ಆ ಜಾಗವನ್ನು 16 ಭಾಗ ಮಾಡಿ, ಒಂದನ್ನು ಸೂಚಿಗಾಗಿ ಇಟ್ಟು, ಉಳಿದ 15ನ್ನು ಆಡುವವನಿಗೆ ಬಿಟ್ಟಿದ್ದಾರೆ. ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿ, ಇಲ್ಲಿ ಹದಿನೈದು. ವ್ಯತ್ಯಾಸವೇನೆಂದರೆ, ಚೆನ್ನೆಮಣೆಯ ಮಂಜೊಟ್ಟಿ ಕಳೆದರೆ ಹುಣಿಸೆಬೀಜ ಹಾಕಿ ಆಡಬಹುದು. ಏಕೆಂದರೆ ಆಟ ಇರುವುದು ಅಜ್ಜಿಯ ತಲೆಯಲ್ಲಿ, ಬೀಜದಲ್ಲಲ್ಲ. ಈ ಕಾರ್ಡಿನಲ್ಲಿ ಬರೆದದ್ದು ಯಾರ ತಲೆಯಲ್ಲಿಯೂ ಇಲ್ಲ.

ಮಾವನವರು ಹೆಚ್ಚಾಗಿ ಆಡುತ್ತಿದ್ದುದು ಒಂದೇ ಆಟ. ‘ಹಾರ್ವೆಸ್ಟ್ ಮೂನ್: ಬ್ಯಾಕ್ ಟು ನೇಚರ್’ ಎಂದು ಅದರ ಹೆಸರು, 1999ರಲ್ಲಿ ಜಪಾನಿನಲ್ಲಿ ಹೊರಬಂದದ್ದು. ಇದರಲ್ಲಿ ಕೊಲೆಯಿಲ್ಲ, ಬಂದೂಕಿಲ್ಲ. ತೀರಿಹೋದ ಅಜ್ಜನ ಹೊಲ ಪಾಳುಬಿದ್ದಿದೆ. ಮೊಮ್ಮಗ ಮೂರು ವರ್ಷದೊಳಗೆ ಅದನ್ನು ಮತ್ತೆ ಹಸನು ಮಾಡಿ ಊರವರ ಮೆಚ್ಚುಗೆ ಪಡೆಯಬೇಕು. ವರ್ಷಕ್ಕೆ ನಾಲ್ಕು ಋತು, ಋತುವಿಗೆ ಮೂವತ್ತು ದಿನ. ಕಲ್ಲು ಒಡೆ, ಕಳೆ ಕೀಳು, ಬೀಜ ಹಾಕು, ನೀರು ಹನಿಸು, ದನಕ್ಕೆ ಮೇವು ಹಾಕು. ದಿನ ಮುಗಿದ ಮೇಲೆ ಮನೆಗೆ ಬಂದು ಡೈರಿಯನ್ನು ಬರೆ. ಆ ಡೈರಿ ಬರೆಯುವುದೇ ಕಾರ್ಡಿನಲ್ಲಿ ದಾಖಲಾಗುವ ಕ್ರಮ. ಸ್ವಂತ ತೋಟವನ್ನು ತಂಗಿಯ ವಶಕ್ಕೆ ಬಿಟ್ಟು ಮರಳುಗಾಡಿಗೆ ಹೋದ ಮನುಷ್ಯ, ನಾಲ್ಕು ಜನ ಹಂಚಿಕೊಂಡ ಕೋಣೆಯ ಮೂಲೆಯಲ್ಲಿ ಕುಳಿತು, ರಾತ್ರಿ ಪರದೆಯ ಮೇಲೆ ಹೊಲ ಉಳುತ್ತಿದ್ದರೆಂಬುದನ್ನು ನೆನೆದಾಗ ನನಗೆ ನಗು ಬರುವುದಿಲ್ಲ. ಅವರ ಡೈರಿ ಎರಡನೆಯ ವರ್ಷದ ಶರತ್ಕಾಲದ 17ನೆಯ ದಿನಕ್ಕೆ ನಿಂತಿದೆ. 2004ರಲ್ಲಿ ಅವರು ಊರಿಗೆ ಮರಳಿದರು. ನಿಜವಾದ ತೋಟ ಸಿಕ್ಕಿದ ಮೇಲೆ ಆ ಹೊಲಕ್ಕೆ ಮತ್ತೆ ಹೋಗಲಿಲ್ಲ. 2019ರಲ್ಲಿ ತೀರಿಕೊಂಡರು.

ಯಂತ್ರ ಈಗ ಹುಡುಗನ ಮನೆಯಲ್ಲಿದೆ. ಅಲ್ಲಿಯ ಚಿಕ್ಕಮಕ್ಕಳಿಗೆ ಆಡುವ ಆಸೆ. ಆದರೆ ಕಾರ್ಡಿನ ಹದಿನೈದು ಮನೆಗಳೂ ಭರ್ತಿ. ಹೊಸದೊಂದನ್ನು ಬರೆಯಬೇಕಾದರೆ ಮಾವನದೊಂದನ್ನು ಅಳಿಸಬೇಕು. ಅದಲ್ಲದೆ ಕುಮಾರಪರ್ವತದ ತಪ್ಪಲಿನ ಮಳೆಯ ತೇವಕ್ಕೆ ಕಾರ್ಡಿನ ತಾಮ್ರದ ಹಲ್ಲುಗಳಲ್ಲಿ ಹಸಿರು ಕಿಲುಬು ಹತ್ತಿ, ಒಮ್ಮೊಮ್ಮೆ ಯಂತ್ರ ಅದನ್ನು ಗುರುತಿಸುವುದೂ ಇಲ್ಲ. ಇಂದೋ ನಾಳೆಯೋ ಅದು ಹೋಗುವುದೇ. “ಮಾಷ್ಟ್ರೇ, ನನಗೆ ಈ ಆಟದ ತಲೆಬುಡ ಗೊತ್ತಿಲ್ಲ. ಆದ್ರೆ ಅಣ್ಣ ಅಷ್ಟು ದಿವಸ ಕೂತು ಮಾಡಿದ್ದು ಉಂಟಲ್ಲ, ಅದನ್ನು ಉಜ್ಜಿ ಹಾಕ್ಲಿಕ್ಕೆ ಮನಸ್ಸು ಬರುದಿಲ್ಲ” ಎಂದು ಆ ತಾಯಿ ನನ್ನಲ್ಲಿ ಹೇಳಿದರು. ಮಗ ಒಂದು ಬದಲಿ ಕಾರ್ಡನ್ನು ಕಟ್ಟಲು ಕುಳಿತದ್ದು ಇದಕ್ಕಾಗಿ.

ಅವನು ಕಟ್ಟಿದ ಬಗೆಯನ್ನು ನಾನು ಮೂರು ವಾರ ಕಂಡೆ, ತಿಳಿದಷ್ಟನ್ನು ಹೇಳುತ್ತೇನೆ. ರಾಸ್ಪ್‌ಬೆರಿ ಪೈ ಪಿಕೊ ಎಂಬ, 2021ರಲ್ಲಿ ಬಂದ, ಹೆಬ್ಬೆರಳಗಲದ ಅಗ್ಗದ ಹಲಗೆಯೇ ಅವನ ಮೂಲಸಾಮಗ್ರಿ. ಇದರಿಂದ ಪ್ಲೇಸ್ಟೇಷನ್ನಿನ ಕಾರ್ಡನ್ನು ಕಟ್ಟುವ ಕ್ರಮವನ್ನು ಹೊರದೇಶದ ಉತ್ಸಾಹಿಗಳು ಮುಕ್ತವಾಗಿ ಹಂಚಿದ್ದಾರೆ. ಹುಡುಗ ಅಲ್ಲಿಂದ ಆರಂಭಿಸಿದ. ಗಡಿಯಾರದ ಲೆಕ್ಕದಲ್ಲಿ ನೋಡಿದರೆ ಈ ಪುಟ್ಟ ಹಲಗೆ ಆ ಹಳೆಯ ಯಂತ್ರಕ್ಕಿಂತ ನಾಲ್ಕು ಪಟ್ಟು ವೇಗದ್ದು. ಆದರೂ ಆಳಿನ ಕೆಲಸ ಇದರದು, ಒಡೆತನ ಅದರದು. ಯಂತ್ರ ಮೊದಲು ಕಾರ್ಡನ್ನು ಹೆಸರು ಹಿಡಿದು ಕರೆಯುತ್ತದೆ. ‘ಓದು’ ಎಂಬುದಕ್ಕೆ ಒಂದಕ್ಷರ, ‘ಬರೆ’ ಎಂಬುದಕ್ಕೆ ಇನ್ನೊಂದು. ಬರಹವೆಲ್ಲ 128 ಬೈಟುಗಳ 1024 ಪುಟಗಳಾಗಿ ವಿಂಗಡವಾಗಿದೆ. ಪುಟದ ಕೊನೆಯಲ್ಲಿ ತಾಳೆ ನೋಡುವ ಒಂದು ಲೆಕ್ಕ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ: ಯಂತ್ರ ಒಂದು ಬೈಟನ್ನು ಹೇಳಿದೊಡನೆ ಕಾರ್ಡು ಬೇರೊಂದು ತಂತಿಯ ಮೇಲೆ ‘ಹೂಂ’ ಎನ್ನಬೇಕು. ಕತೆ ಕೇಳುವ ಮಗು ಹೂಂಗುಟ್ಟುವುದನ್ನು ನಿಲ್ಲಿಸಿದರೆ ಅಜ್ಜಿ ಕತೆಯನ್ನು ನಿಲ್ಲಿಸುವಂತೆ, ಈ ಹೂಂಕಾರ ತಕ್ಕ ಹೊತ್ತಿಗೆ ಬಾರದಿದ್ದರೆ ಎದುರಿಗೆ ಯಾರೂ ಇಲ್ಲವೆಂದೇ ಯಂತ್ರದ ನಿರ್ಣಯ. ಕಾರ್ಡನ್ನು ಹೊಸದಾಗಿ ಸೇರಿಸಿದಾಗ ಅದು ಕೊಡುವ ಮೊದಲ ಉತ್ತರದಲ್ಲಿಯೇ ‘ನಾನು ಈಗಷ್ಟೇ ಬಂದವನು’ ಎಂಬ ಗುರುತೊಂದಿರುತ್ತದೆ. ಮೊದಲ ಸಲ ಏನನ್ನಾದರೂ ಬರೆಯುವವರೆಗೆ ಆ ಗುರುತು ಹೋಗುವುದಿಲ್ಲ. ಇಷ್ಟು ಸಭ್ಯತೆ ನಮ್ಮ ಸಮಿತಿಗಳಿಗೆ ಹೊಸದಾಗಿ ಬರುವ ಸದಸ್ಯರಲ್ಲಿಯೂ ಅಪರೂಪ.

ಧರ್ಮಸೂಕ್ಷ್ಮ ಎದುರಾದದ್ದು ಬರೆಯುವ ಕೆಲಸದಲ್ಲಿ. ಯಂತ್ರ ಒಂದು ಪುಟವನ್ನು ಕೊಟ್ಟು ‘ಬರೆ’ ಎಂದ ಮೇಲೆ ಕಾರ್ಡು ಕೊನೆಯಲ್ಲಿ ಒಂದಕ್ಷರದ ಉತ್ತರ ಕೊಡಬೇಕು. ‘ಜಿ’ ಎಂದರೆ ಸರಿಯಾಗಿ ಬರೆದೆ ಎಂದರ್ಥ. ‘ಎನ್’ ಎಂದರೆ ಲೆಕ್ಕ ತಾಳೆಯಾಗಲಿಲ್ಲ ಎಂದು. ಹುಡುಗನ ಮೊದಲ ಹಲಗೆ ಬಂದ ಪುಟವನ್ನು ತನ್ನ ತಾತ್ಕಾಲಿಕ ನೆನಪಿನಲ್ಲಿ ಹಿಡಿದು, ಒಡನೆ ‘ಜಿ’ ಎಂದುಬಿಡುತ್ತಿತ್ತು. ಶಾಶ್ವತವಾದ ಜಾಗಕ್ಕೆ ಇಳಿಸುವುದನ್ನು ಬಿಡುವು ಸಿಕ್ಕಿದಾಗ ಮಾಡುತ್ತಿತ್ತು. ಶಾಶ್ವತ ಜಾಗದಲ್ಲಿ ಅಳಿಸಿ ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ಯಂತ್ರ ಅಷ್ಟು ಕಾಯುವುದಿಲ್ಲ. ಅದಕ್ಕಾಗಿ ಈ ಉಪಾಯ. ಎಲ್ಲವೂ ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ಗುಡುಗು ಮಿಂಚಿನೊಡನೆ ಕರೆಂಟು ಹೋಯಿತು. ತಿರುಗಿ ಬಂದು ನೋಡಿದರೆ ಚಿಕ್ಕವನೊಬ್ಬ ಅರ್ಧ ಗಂಟೆ ಆಡಿ ದಾಖಲಿಸಿದ್ದು ಇಲ್ಲವೇ ಇಲ್ಲ. “ಅದು ‘ಸೇವ್ ಆಯಿತು’ ಅಂತ ಹೇಳಿತ್ತು” ಎಂದು ಮಗುವಿನ ಅಳು.

“ಸರ್, ಇದನ್ನು ಸುಳ್ಳು ಅಂತ ಹೇಳ್ಬಹುದಾ?” ಎಂದು ಹುಡುಗ ಕೇಳಿದ. ಹಲಗೆಗೆ ಮನಸ್ಸಿಲ್ಲ, ಮನಸ್ಸಿಲ್ಲದ್ದಕ್ಕೆ ಸುಳ್ಳಿನ ದೋಷ ಹೇಗೆ ಎಂದು ತರ್ಕ ಹೂಡಬಹುದು. ಆದರೆ ಹಲಗೆಗೆ ಆ ‘ಜಿ’ಯನ್ನು ಕಲಿಸಿದವನಿಗೆ ಮನಸ್ಸುಂಟಷ್ಟೆ. ಬರೆಯುವ ಮೊದಲೇ ಬರೆದೆ ಎನ್ನಿಸಿದವನು ಅವನು. ನಾನು ಇದನ್ನು ಸುಳ್ಳೆಂದೇ ಎಣಿಸುತ್ತೇನೆ. ಸಣ್ಣ ಸುಳ್ಳೆಂದೂ ಎಣಿಸುವುದಿಲ್ಲ. ಮೂಲವಸ್ತು ಕೆಟ್ಟರೆ ಜನರು ಅದನ್ನು ಕೆಟ್ಟಿತೆಂದು ತಿಳಿದು ಜಾಗ್ರತೆಯಾಗುತ್ತಾರೆ. ನಂಬಿಕೆ ಗಳಿಸಿದ ಬದಲಿ ವಸ್ತು ಒಳಗೆ ಟೊಳ್ಳಾಗಿದ್ದರೆ ಅದನ್ನು ಯಾರೂ ಸಂಶಯಿಸುವುದಿಲ್ಲ. ಹುಡುಗ ಎರಡನೆಯ ಹಲಗೆಗೆ ಎಫ್‌ರ್ಯಾಮ್ ಎಂಬ ಬೇರೊಂದು ಬಗೆಯ ಚಿಪ್ಪನ್ನು ಬೆಸೆದ. ಕರೆಂಟು ಹೋದರೂ ಬರೆದದ್ದು ಉಳಿಯುವ, ಬರೆಯಲು ಕಾಯಬೇಕಾಗಿಲ್ಲದ ಚಿಪ್ಪು ಅದು. ಅದರ ಅಳತೆಯೂ ಸರಿಯಾಗಿ 128 ಕಿಲೋಬೈಟು. ಈಗ ಪುಟ ಅದರೊಳಗೆ ಇಳಿದ ಮೇಲೆಯೇ ‘ಜಿ’ ಹೊರಡುತ್ತದೆ. ಪರೀಕ್ಷಿಸುವುದಕ್ಕೆಂದು ಅವನು ಬೇಕೆಂದೇ ಇಪ್ಪತ್ತು ಸಲ ಪ್ಲಗ್ ಕಿತ್ತು ನೋಡಿದ. ಖರ್ಚು ಹೆಚ್ಚಾಯಿತು; ಆ ಖರ್ಚು ಸತ್ಯದ ಬಾಬ್ತು ಎಂದು ನಾನು ಅವನಿಗೆ ಹೇಳಿದೆ, ಅವನು ನಕ್ಕ.

ಹಲಗೆ ಸಿದ್ಧವಾಗುತ್ತಲೇ ಇನ್ನೊಂದು ಬಗೆಯ ಒತ್ತಾಯ ಹುಟ್ಟಿತು. ಮಾವನ ಹೊಲದ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆರೆದು, ಒಂದೆರಡು ಅಂಕಿ ತಿದ್ದಿದರೆ ಕೈಯಲ್ಲಿರುವ ಹಣವನ್ನು ಲಕ್ಷಕ್ಕೆ ಏರಿಸಬಹುದಂತೆ. “ಮಾವನಿಗೂ ಖುಷಿಯೇ ಆಗ್ತಿತ್ತು” ಎಂದು ಮಕ್ಕಳ ವಾದ. ಹುಡುಗ ಒಪ್ಪಲಿಲ್ಲ. ಅವನ ನಿಲುವು ಎಷ್ಟು ಸರಿಯೆಂಬುದನ್ನು ನಮ್ಮ ಗ್ರಂಥಸಂಪಾದನೆಯ ಪಾಠ ಓದಿದವರು ಬಲ್ಲರು. ಓಲೆಗರಿಯೂ ಒಂದು ಮೆಮರಿ ಕಾರ್ಡೇ. ಹುಳು, ತೇವ, ಸಡಿಲು ಕಟ್ಟು, ಮೂರ್ಖನ ಕೈ, ಇವುಗಳ ನಡುವೆ ಅದರ ಆಯುಸ್ಸು ಕೆಲವು ತಲೆಮಾರು. ಅಷ್ಟರೊಳಗೆ ಹೊಸ ಗರಿಗೆ ಇಳಿಸಿಕೊಂಡವರಿದ್ದರೆ ಕಾವ್ಯ ಉಳಿಯಿತು, ಇಲ್ಲವಾದರೆ ಇಲ್ಲ. ಪಂಪನಾಗಲಿ ರನ್ನನಾಗಲಿ ನಮಗೆ ದಕ್ಕಿದ್ದು ಅವರ ಕೈಬರಹದಲ್ಲಲ್ಲ, ಬದಲಿಯ ಬದಲಿಯ ಬದಲಿಯಲ್ಲಿ. ಕಾಸರಗೋಡಿನ ಕಡೆ ವೆಂಕಟರಾಜ ಪುಣಿಂಚತ್ತಾಯರು ತುಳುವಿನ ‘ಶ್ರೀಭಾಗವತೋ’, ‘ಕಾವೇರಿ’ಗಳನ್ನು ಬೆಳಕಿಗೆ ತಂದದ್ದೂ ಇಂತಹ ಗರಿಗಳಿಂದಲೇ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಬಂದ ಪುಸ್ತಕ. ತರಗತಿಯಲ್ಲಿ ಅದನ್ನು ಹಿಡಿದು ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಇದನ್ನೇ: ದಡ್ಡ ಲಿಪಿಕಾರನಿಗಿಂತ ಜಾಣ ಲಿಪಿಕಾರ ಅಪಾಯಕಾರಿ. ದಡ್ಡನು ಅರ್ಥವಾಗದ ಅಕ್ಷರವನ್ನು ಕಂಡಂತೆ ಬರೆದಿಡುತ್ತಾನೆ. ಅವನ ತಪ್ಪಿನ ಹಿಂದೆ ಮೂಲ ಅಡಗಿರುತ್ತದೆ, ಹುಡುಕಿದರೆ ಸಿಗುತ್ತದೆ. ಜಾಣನು ಅದನ್ನು ‘ಸರಿಪಡಿಸಿ’ ಸೊಗಸಾದ ಸಾಲನ್ನು ಹೊಸೆಯುತ್ತಾನೆ. ಮೂಲ ಎಂದೆಂದಿಗೂ ಮುಚ್ಚಿಹೋಗುತ್ತದೆ. ಮಾವನ ಹೊಲದಲ್ಲಿ ಹಣ ಕಡಿಮೆಯಿದ್ದರೆ ಕಡಿಮೆಯೇ ಇರಲಿ. ಮೂಲೆಯಲ್ಲಿ ಒಂದು ಸಾಲು ನೀರಿಲ್ಲದೆ ಒಣಗಿದೆಯಂತೆ, ಅದೂ ಇರಲಿ. ಆ ದಿನ ಅವರಿಗೆ ದಣಿವಾಗಿತ್ತೋ, ಊರಿನಿಂದ ಪತ್ರ ಬಂದಿತ್ತೋ, ಯಾರು ಬಲ್ಲರು?

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳಿಯಾರು: ಕಾರ್ಡು ಹೊಸದು, ಚಿಪ್ಪು ಹೊಸದು, ಅದರೊಳಗಿನ ವಿದ್ಯುತ್ತಿನ ಗುರುತುಗಳೂ ಹೊಸವು. ಇನ್ನು ‘ಮಾವನ ಹೊಲ’ ಎನ್ನುವುದರಲ್ಲಿ ಮಾವನದು ಏನುಳಿಯಿತು? ಇದು ಹಳೆಯ ಪ್ರಶ್ನೆಯೇ. ಅಥೆನ್ಸಿನವರು ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿ ಇದನ್ನು ಕೇಳಿದರು. ನಾಗಸೇನ ಭಿಕ್ಷುವು ಮಿಲಿಂದರಾಜನ ರಥವನ್ನು ತೋರಿಸಿ, ಗಾಲಿ ರಥವೇ, ಅಚ್ಚು ರಥವೇ ಎಂದು ಕೇಳಿದನು. ರಥದ ಮಾತಿಗೆ ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ; ಕಡಬ ತಾಲೂಕಿನಲ್ಲಿಯೇ ಕುಕ್ಕೆಯ ಬ್ರಹ್ಮರಥವಿದೆ. ಚಂಪಾಷಷ್ಠಿಗೆ ಮಲೆಕುಡಿಯರು ಕಾಡಿನಿಂದ ಬಿದಿರು ಬೆತ್ತಗಳನ್ನು ತಂದು ವರ್ಷ ವರ್ಷವೂ ಅದನ್ನು ಹೊಸದಾಗಿ ಕಟ್ಟುತ್ತಾರೆ. 2019ರಲ್ಲಿ ಮರದ ರಥವೇ ಹೊಸದಾಗಿ ಕೋಟೇಶ್ವರದಿಂದ ಬಂತು. ಆ ವರ್ಷ ತೇರೆಳೆದವರು ‘ಇದು ಕುಕ್ಕೆಯ ತೇರಲ್ಲ’ ಎಂದರೆ? ಯಾರೂ ಅನ್ನಲಿಲ್ಲ. ಮರಕ್ಕೆ ಪ್ರತಿನಿಧಿಯುಂಟು, ಬೆತ್ತಕ್ಕುಂಟು. ಒಳಗೆ ಕುಳಿತ ದೇವರಿಗಿಲ್ಲ ಎಂಬ ಮೀಮಾಂಸಕರ ಮಾತನ್ನು ಓದದವರೂ ಅದನ್ನು ಬಲ್ಲರು. ಆಟದಲ್ಲಿ ಆ ದೇವರ ಸ್ಥಾನ ಯಾವುದೆಂದರೆ, ಕ್ರಮ ಎಂದು ನನಗೆ ತೋರುತ್ತದೆ. ಇಂತಹ ದಿನ ಇಂತಹ ಕಡೆ ಬೀಜ ಬಿತ್ತಿದ, ಇಂತಹುದನ್ನು ಮರೆತ ಎಂಬ, ಆ ಒಬ್ಬ ಮನುಷ್ಯನ ಆಯ್ಕೆಗಳ ಕ್ರಮ. 1024 ಪುಟಗಳಲ್ಲಿ ಅದು ಒಂದು ಬೈಟೂ ಬಿಡದೆ ಇಳಿದಿದ್ದರೆ ಹೊಲ ಮಾವನದೇ.

ಹಾಗಾದರೆ ಆ ಹೊಲದಲ್ಲಿ ಇನ್ನೊಬ್ಬ ಉಳಬಹುದೆ? ನಿಜವಾದ ತೊಡಕು ಇದು. ತಾಯಿಗೆ ಮಗನು ಆಟವನ್ನು ಮುಂದುವರಿಸಲಿ ಎಂಬ ಆಸೆ. “ಅಲ್ಲಿ ದನ ಉಂಟಂತೆ ಅಲ್ವಾ ಮಾಷ್ಟ್ರೇ, ಅದಕ್ಕೆ ಹುಲ್ಲು ಹಾಕುವವರು ಯಾರು?” “ಆಡದಿದ್ರೆ ಅಲ್ಲಿ ದಿವಸ ಹೋಗುದಿಲ್ಲ ಅಮ್ಮ, ದನಕ್ಕೆ ಹಸಿವಾಗುದಿಲ್ಲ” ಎಂದು ಮಗ. ಅವನಿಗೆ ಕೈ ಹಾಕಲು ಹಿಂಜರಿಕೆ. ಈ ಸೀಮೆಯಲ್ಲಿ ಸೋದರಳಿಯನ ಹಕ್ಕು ಸಣ್ಣ ಮಾತಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ಹರಿದದ್ದು ಮಾವನಿಂದ ಸೋದರಿಯ ಮಕ್ಕಳ ಕಡೆಗೇ. ಆದರೆ ಆ ಕಟ್ಟಿನ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ: ಕುಟುಂಬದ ಸೊತ್ತು ಯಜಮಾನನ ಸ್ವಂತದ್ದಲ್ಲ, ಅವನು ಅದನ್ನು ನೋಡಿಕೊಳ್ಳುವವನು ಮಾತ್ರ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಬರುವವರೆಗೆ ಪಾಲು ಬೇಕೆಂದು ಒಬ್ಬನು ಒತ್ತಾಯಿಸುವಂತೆಯೂ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಆ ಕಟ್ಟು ಬಹುಮಟ್ಟಿಗೆ ಕರಗಿತು. ಅದರಲ್ಲಿ ಅನ್ಯಾಯಗಳೂ ಇದ್ದವು, ಅದಕ್ಕಾಗಿ ಅಳುವವನು ನಾನಲ್ಲ. ಆದರೂ ಕೈಗೆ ಬಂದದ್ದೆಲ್ಲ ಖರ್ಚು ಮಾಡುವುದಕ್ಕೆ ಬಂದದ್ದಲ್ಲ ಎಂಬ ಒಂದು ಶಿಸ್ತನ್ನು ಅದು ಕಲಿಸಿತ್ತು.

ಇಲ್ಲಿಯೇ ನಾನು ಮೊದಲು ಹೇಳಿದ ಅಪವಾದ ನೆನಪಿಗೆ ಬಂತು. ಯಜಮಾನನಿಗೆ ಪ್ರತಿನಿಧಿಯಿಲ್ಲವಷ್ಟೆ. ಆದರೆ ಸತ್ರವೆಂಬ ದೀರ್ಘಯಾಗವೊಂದುಂಟು. ಹದಿನೇಳಕ್ಕೆ ಕಡಿಮೆಯಿಲ್ಲದಷ್ಟು ಯಜಮಾನರು ಕೂಡಿ ನಡೆಸತಕ್ಕದ್ದು. ಅವರಲ್ಲಿ ಒಬ್ಬನು ನಡುವೆ ತೀರಿಕೊಂಡರೆ ಕೆಲಸ ನಿಲ್ಲಬಾರದೆಂದು ಇನ್ನೊಬ್ಬನನ್ನು ಸೇರಿಸಿಕೊಳ್ಳಬಹುದು. ಹೀಗೆ ಬಂದವನು ಯಜಮಾನನ ವ್ರತನಿಯಮಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಬೇಕು. ಯಾಗದ ಫಲ ಮಾತ್ರ ಅವನಿಗೆ ಸಲ್ಲದು. ಎಷ್ಟು ಕಠಿನವಾದ ನಿಯಮ! ಹೊಣೆಯೆಲ್ಲ ಇದೆ, ಒಡೆತನವಿಲ್ಲ. ನಾನು ಇದನ್ನು ಹುಡುಗನಿಗೆ ಹೇಳಿದಾಗ ಅವನು ಒಂದಿಷ್ಟು ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ಮನೆಗೆ ನನ್ನ ಹೆಸರು ಹಾಕ್ಬಾರ್ದು” ಎಂದ. ಆಟದೊಳಗಿನ ಹೊಲಕ್ಕೆ ಮಾವ ಇಟ್ಟ ಹೆಸರು ಅವರ ಕಡಬದ ಮನೆತನದ ಹೆಸರೇ. ಅದನ್ನು ಬದಲಿಸುವ ಪ್ರಶ್ನೆ ಹೇಗೂ ಇಲ್ಲ.

ಮನೆಯ ಮಾತು ಹೀಗಾದರೆ, ಬೀದಿಯ ಮಾತು ಬೇರೆ. ಸುದ್ದಿ ಹಬ್ಬಿ ಹುಡುಗನ ಬಳಿ ನಾಲ್ಕಾರು ಜನ ಬಂದರು. ಸಿ.ಡಿ. ಓದುವ ಕಣ್ಣು ಸವೆದ ಯಂತ್ರಗಳಿಗೂ ಇಂತಹ ಹಲಗೆ ಕಟ್ಟಬಹುದು, ಸಾವಿರ ಆಟಗಳನ್ನು ತುಂಬಿ ಕೊಡು, ಹಣ ಕೊಡುತ್ತೇವೆ ಎಂದು ಅವರ ಬೇಡಿಕೆ. ಕಾನೂನು ಇಲ್ಲಿ ಸ್ಪಷ್ಟ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ಅದು ಕೆಡದಂತೆ, ಕಳೆಯದಂತೆ ರಕ್ಷಣೆಗೆಂದು ನಕಲು ಮಾಡಿಟ್ಟುಕೊಳ್ಳುವುದನ್ನು ಒಪ್ಪುತ್ತದೆ. ಸಾವಿರ ಜನರಿಗೆ ಹಂಚುವುದನ್ನು ಒಪ್ಪುವುದಿಲ್ಲ. ಅವನು ಬೇಡವೆಂದ; ನನಗೆ ಸಂತೋಷವಾಯಿತು. ಆದರೆ ಇಷ್ಟಕ್ಕೆ ನನ್ನ ಮನಸ್ಸು ಪೂರ್ಣ ಸಮಾಧಾನಪಡಲಿಲ್ಲ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಇಂದು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲವೆಂದು 2023ರಲ್ಲಿ ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ನಡೆಸಿದ ಅಧ್ಯಯನ ಹೇಳಿತು. ಮಾರುವವರೂ ಇಲ್ಲ, ನಕಲಿಗೆ ಅನುಮತಿಯೂ ಇಲ್ಲ ಎಂದರೆ ಅವು ಹೋಗುವ ದಾರಿ ಯಾವುದು? ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅಂದು ಯಾವನೋ ಒಬ್ಬ ಪ್ರದರ್ಶಕ ಹೇಳದೆ ಕೇಳದೆ ಒಂದು ನಕಲನ್ನು ಅಟ್ಟದ ಮೇಲೆ ಇಟ್ಟಿದ್ದರೆ ಅವನನ್ನು ಕಳ್ಳನೆನ್ನುತ್ತಿದ್ದೆವೋ, ಅವನ ಹೆಸರಿನಲ್ಲಿ ಪ್ರಶಸ್ತಿ ಇಡುತ್ತಿದ್ದೆವೋ? ಹಣಕ್ಕಾಗಿ ಹಂಚುವವನನ್ನೂ ಅಳಿಯದಿರಲೆಂದು ಇಟ್ಟುಕೊಳ್ಳುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗಂತೂ ಮನಸ್ಸೊಪ್ಪುವುದಿಲ್ಲ. ಕಾಯಿದೆ ಈ ಎರಡರ ನಡುವೆ ಇನ್ನೂ ಸ್ವಲ್ಪ ಜಾಗ ಮಾಡಿಕೊಡಬೇಕು.

ಹಲಗೆಗೆ ಸೇರಿಸಿದ 32 ಗಿಗಾಬೈಟಿನ ಚೂರಿನಲ್ಲಿ ಇಂತಹ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳು ಹಿಡಿಯುತ್ತವೆ. ಇನ್ನು ಯಾರದನ್ನೂ ಅಳಿಸಬೇಕಾಗಿಲ್ಲ; ಚಿಕ್ಕಮಕ್ಕಳು ತಮ್ಮದೇ ಪ್ರತಿಯಲ್ಲಿ ಆಡುತ್ತಿದ್ದಾರೆ. ಹಳೆಯ ಕಾರ್ಡನ್ನು ಏನು ಮಾಡುವುದೆಂಬ ಒಂದು ವಿಷಯದಲ್ಲಿ ಮಾತ್ರ ನನಗೂ ಹುಡುಗನಿಗೂ ಭಿನ್ನಾಭಿಪ್ರಾಯ ಬಂತು. ಬೈಟು ಬೈಟಿಗೆ ತಾಳೆ ನೋಡಿಯಾಗಿದೆ, ಇನ್ನು ಅದು ಬರಿಯ ಪ್ಲಾಸ್ಟಿಕ್, ಅದರ ಪೆಟ್ಟಿಗೆಯನ್ನು ಬಿಚ್ಚಿ ಹೊಸ ಹಲಗೆಗೆ ಅಂಗಿ ಮಾಡುತ್ತೇನೆ ಎಂದು ಅವನು. ಹೊಸ ಪ್ರತಿ ಆಯಿತೆಂದು ಜೀರ್ಣವಾದ ಓಲೆಗಳನ್ನು ಹೊಳೆಗೆ ಬಿಟ್ಟ ಪುಣ್ಯಾತ್ಮರ ದೆಸೆಯಿಂದ ಎಷ್ಟು ಪದ್ಯಗಳ ಸಂಶಯ ಇಂದಿಗೂ ಬಗೆಹರಿದಿಲ್ಲವೆಂದು ನಾನು ಹೇಳಿದೆ. ಹೊಸ ಹಲಗೆಗೆ ಬೇರೆ ಅಂಗಿ ಹೊಲಿಸಿದರಾಯಿತು. ಹಳೆಯದನ್ನು ಒರೆಸಿ, ತೇವ ಹೀರುವ ಪೊಟ್ಟಣದೊಡನೆ ತೋಟದ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೊಸದರ ಬೆನ್ನಿಗೆ, ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ಹಾಗೆ, ಇದು ಯಾರ ಕಾರ್ಡಿನ ಪ್ರತಿ, ಎಂದು ಇಳಿಸಿದ್ದು, ಇಳಿಸಿದವನು ಯಾರು, ಮೂಲ ಎಲ್ಲಿದೆ ಎಂಬ ನಾಲ್ಕು ಸಾಲಿನ ಚೀಟಿಯನ್ನು ಅಂಟಿಸಿದ್ದಾನೆ. ಹದಿನೇಳನೆಯ ದಿನದ ಮುಂದಿನ ಡೈರಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಪರೀಕ್ಷೆ ಮುಗಿಯಲಿ, ಬೇರೊಂದು ಪ್ರತಿಯಲ್ಲಿ ನೋಡೋಣ ಎಂದು ಮಗ ಹೇಳುತ್ತಾನೆ. ಪ್ರತಿಯಲ್ಲಾದರೆ ಅದು ಅಣ್ಣನ ದನ ಹೇಗಾಯಿತು ಎಂದು ತಾಯಿ ಕೇಳುತ್ತಾರೆ.